ಮಾತ್ರೆಯ ಮೇಲಿನ ಚುಕ್ಕಿ

ಎದುರಿಗಿರುವವರು ಸುರಿಯುತ್ತಿರುವುದು ಬರೀ ಹಾಲು ಎಂದು ನಂಬದಿರುವುದೇ ನನ್ನ ಕೆಲಸವಾಗಿತ್ತು. ಹೋಳೂರಿಗೆ ಹತ್ತಿರದ ನಮ್ಮ ಹಳ್ಳಿಯ ಡೈರಿಯಲ್ಲಿ ನಾನು ಮೊದಲು ಹಾಲು ಪರೀಕ್ಷಕ, ಆಮೇಲೆ ನಿವೃತ್ತಿಯವರೆಗೆ ಕಾರ್ಯದರ್ಶಿ. ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಹಬ್ಬವಿರಲಿ, ಊರಲ್ಲಿ ಸಾವಾಗಿರಲಿ, ಹಾಲಿನ ಲಾರಿ ಬರುವ ಹೊತ್ತಿಗೆ ಕ್ಯಾನುಗಳಿಗೆ ಮುಚ್ಚಳ ಬಿದ್ದಿರಬೇಕು. ಅಳೆಯುವ ಮುಂಚೆ ಕಲಕಬೇಕು, ಕಲಕಿದ ಮೇಲೆ ಸ್ಯಾಂಪಲ್ ತೆಗೆಯಬೇಕು, ತೆಗೆದ ಬಾಟಲಿಯ ಮೇಲೆ ಕೂಡಲೇ ಗುರುತು ಹಾಕಬೇಕು. ಈ ಕ್ರಮ ತಪ್ಪಿದರೆ ಒಬ್ಬರ ಹಾಲು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

ನೀರು ಬೆರೆಸಿದವರನ್ನು ಹಿಡಿಯುವುದು ಸುಲಭ. ಲ್ಯಾಕ್ಟೋಮೀಟರ್ ಮುಳುಗಿ, ಅದರ ಮೇಲಿನ ಡಿಗ್ರಿ ಇಳಿದು ಹೇಳಿಬಿಡುತ್ತದೆ. ಹಾಲಿಗೆ ಹಾಲನ್ನೇ ಬೆರೆಸುವವರನ್ನು ಹಿಡಿಯುವುದು ಕಷ್ಟ. ಸೀಮೆ ಹಸುವಿನ ಹಾಲು ತೆಳು, ಎಮ್ಮೆಯ ಹಾಲು ಗಟ್ಟಿ. ಒಬ್ಬಳ ಹಸುವಿನ ಹಾಲಿಗೆ ಡಿಗ್ರಿ ಬಾರದೆ ವಾಪಸಾಯಿತು ಅಂದರೆ, ಮಾರನೆಯ ದಿನ ಪಕ್ಕದ ಮನೆಯವಳು ತನ್ನ ಎಮ್ಮೆ ಹಾಲು ತಂದು, ಇಬ್ಬರೂ ದಾರಿಯಲ್ಲೇ ಒಂದೇ ಪಾತ್ರೆಗೆ ಸುರಿದು, ಕಲಕಿ, ಮತ್ತೆ ಎರಡು ಪಾಲು ಮಾಡಿಕೊಂಡು ಬರುತ್ತಿದ್ದರು. ಇಬ್ಬರದೂ ಪಾಸಾಗುತ್ತಿತ್ತು. ಅದನ್ನು ಮೋಸ ಎಂದು ಆ ಹೆಂಗಸರು ಯಾರೂ ಅಂದುಕೊಂಡಿರಲಿಲ್ಲ. ನಾನು ಅಂದುಕೊಂಡಿದ್ದೆ. ನನ್ನ ಹೆಂಡತಿಯೂ ಮದುವೆಯಾದ ಹೊಸತರಲ್ಲಿ ಅದೇ ಸಾಲಿನಲ್ಲಿ ನಿಂತವಳು. ಅವಳ ಹಾಲನ್ನೂ ಎಲ್ಲರದರಂತೆಯೇ ಪರೀಕ್ಷೆ ಮಾಡಿ ತೆಗೆದುಕೊಂಡಿದ್ದೇನೆ.

ಅವಳಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾದದ್ದು ನಾನು ನಿವೃತ್ತನಾದ ಮೇಲೆ. ಆಪರೇಷನ್ ಆಯಿತು, ಕೋಲಾರದ ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ಅದರ ನಡುವೆ ಒಂದು ಬೆಳಿಗ್ಗೆ ಎಡಗಾಲು ಮೊಣಕಾಲಿನವರೆಗೆ ಊದಿ, ಬಿಸಿಯಾಗಿ, ನೆಲಕ್ಕೆ ಊರಲಾಗದಂತಾಯಿತು. ಸ್ಕ್ಯಾನ್ ಮಾಡಿದವರು ಕಾಲಿನ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದೆ ಎಂದರು. ಕ್ಯಾನ್ಸರ್ ಇರುವವರ ರಕ್ತ ಬೇಗ ಹೆಪ್ಪುಗಟ್ಟುತ್ತದಂತೆ. ಆ ಹೆಪ್ಪು ಕಾಲಲ್ಲೇ ಕುಳಿತಿದ್ದರೆ ನೋವು, ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು. ಆ ಹೊತ್ತುಗಳನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಊತ ಇಳಿಯಿತು. ಆದರೆ ಹಲ್ಲುಜ್ಜಿದಾಗಲೆಲ್ಲ ವಸಡಿನಿಂದ ರಕ್ತ ಬರತೊಡಗಿತು. ಈಳಿಗೆಮಣೆಯ ಮೇಲೆ ಬೆರಳು ಸ್ವಲ್ಪ ತಾಗಿದರೂ ರಕ್ತ ನಿಲ್ಲುತ್ತಿರಲಿಲ್ಲ. ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಈ ಎರಡರ ನಡುವೆ ಅವಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅರ್ಧ ವರ್ಷ ಕಳೆದ ಮೇಲೆ ಡಾಕ್ಟರು ಒಂದು ಸಂಶೋಧನೆಯ ವಿಷಯ ತೆಗೆದರು. ಕ್ಯಾನ್ಸರ್ ಇದ್ದು ಕಾಲಲ್ಲಿ ಹೆಪ್ಪು ಬಂದವರಿಗೆ, ಮೊದಲ ಅರ್ಧ ವರ್ಷ ಮುಗಿದ ಮೇಲೂ ಅದೇ ದೊಡ್ಡ ಡೋಸು ಬೇಕೇ, ಚಿಕ್ಕ ಡೋಸು ಸಾಕೇ ಎಂದು ನೋಡುತ್ತಾರಂತೆ. ಕೆಲವರಿಗೆ ದೊಡ್ಡದು, ಕೆಲವರಿಗೆ ಚಿಕ್ಕದು. ಮಾತ್ರೆಗಳು ನೋಡಲು ಒಂದೇ ಥರ.

"ಯಾರಿಗೆ ಯಾವುದು ಅಂತ ನಿಮಗೆ ಗೊತ್ತಿರುತ್ತಾ?" ಎಂದೆ.

"ನನಗೂ ಗೊತ್ತಿರಲ್ಲ, ನಿಮಗೂ ಗೊತ್ತಿರಲ್ಲ. ಡಬ್ಬಿ ಮೇಲೆ ನಂಬರ್ ಅಷ್ಟೇ. ಗೊತ್ತಿದ್ರೆ ನನ್ನ ಕಣ್ಣೇ ನನಗೆ ಮೋಸ ಮಾಡುತ್ತೆ. ಚಿಕ್ಕ ಡೋಸಿನವರಿಗೆ ಸೊಳ್ಳೆ ಕಚ್ಚಿ ಊದಿದ್ರೂ ಹೆಪ್ಪೇ ಅಂತ ಅನ್ಕೋತೀನಿ."

"ನಿಜವಾಗ್ಲೂ ಊದಿಕೊಂಡ್ರೆ?"

"ಅವತ್ತೇ ಬನ್ನಿ. ಅಗತ್ಯ ಬಿದ್ರೆ ನಂಬರ್ ಒಡೆದು ಯಾವ ಡೋಸು ಅಂತ ನೋಡ್ತೀವಿ. ಆಮೇಲೆ ಏನು ಬೇಕೋ ಅದನ್ನ ಕೊಡ್ತೀವಿ."

ಕ್ಯಾನಿನಲ್ಲಿ ಏನಿದೆ ಎಂದು ತನಗೇ ಗೊತ್ತಿಲ್ಲ ಎಂದು ಹೆಮ್ಮೆಯಿಂದ ಹೇಳುವ ಪರೀಕ್ಷಕನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದರೆ ಯಾರನ್ನೂ ಕೇಳುವಂತಿಲ್ಲ ಎಂದು ಅರ್ಥ. ಬೇಡ ಎಂದು ನಾನು ಹೇಳುವ ಮೊದಲೇ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ, "ಬೆಳಗೆದ್ದು ಬಾಯಲ್ಲಿ ರಕ್ತ ನೋಡಿ ನೋಡಿ ಸಾಕಾಗಿದೆ. ಕಮ್ಮೀಲೇ ಆಗೋದಾದ್ರೆ ಆಗ್ಲಿ ಬಿಡಿ" ಎಂದಳು.

ಒಪ್ಪಿಗೆ ತೆಗೆದುಕೊಳ್ಳುವುದನ್ನು ವಿಡಿಯೊ ಮಾಡಿದರು. ಆ ಕೆಲಸ ನೋಡಿಕೊಳ್ಳುತ್ತಿದ್ದವಳು ಶ್ರೀನಿವಾಸಪುರದ ಕಡೆಯ ಹುಡುಗಿ. ಎಲ್ಲವನ್ನೂ ಓದಿ ಹೇಳಿ, "ಅಮ್ಮ, ನಿಮ್ಮ ಇಷ್ಟದಿಂದಾನೇ ಸೇರ್ತಿದೀರಾ?" ಎಂದು ಕೇಳಿದಳು.

"ನನ್ನಿಷ್ಟದಿಂದಾನೇ. ಇವರಿಗಿಷ್ಟ ಇಲ್ಲ. ಅದನ್ನೂ ಅದರಲ್ಲೇ ಹಾಕ್ಕೊಳ್ಳಮ್ಮ" ಎಂದಳು ನನ್ನವಳು ಕ್ಯಾಮೆರಾ ನೋಡುತ್ತ.

ಅದೇ ದಿನ ಅದೇ ಸಂಶೋಧನೆಗೆ ಸೇರಿದ ಇನ್ನೊಬ್ಬ ಹೆಂಗಸಿದ್ದರು. ನಂಗಲಿಯವರು. ಆ ಊರಿನ ಹೆದ್ದಾರಿಯ ಪಕ್ಕ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಮನೆ ಅವರದು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಅವರೇ ನಡೆಸುತ್ತಿದ್ದರು. ಅವರಿಗೆ ಗರ್ಭಕೋಶದ ಕ್ಯಾನ್ಸರ್, ಬಲಗಾಲಲ್ಲಿ ಹೆಪ್ಪು. ಕೀಮೋ ವಾರ್ಡಿನಲ್ಲಿ ಇಬ್ಬರ ಕುರ್ಚಿಗಳು ಅಕ್ಕಪಕ್ಕ ಬಿದ್ದು ಸ್ನೇಹವಾಗಿತ್ತು. ಅವರ ಮನೆಮಾತು ದಖ್ಖನಿ ಉರ್ದು, ನಮ್ಮದು ಕನ್ನಡ. ಇಬ್ಬರೂ ಗುಟ್ಟು ಮಾತಾಡುವುದಿದ್ದರೆ ತೆಲುಗಿಗೆ ಹೊರಳುತ್ತಿದ್ದರು, ನನಗೇನೋ ತೆಲುಗು ಬಾರದು ಎಂಬಂತೆ. ನನ್ನನ್ನು ಅವರು ಅಣ್ಣಾ ಎನ್ನುತ್ತಿದ್ದರು, ಅವಳನ್ನು ಅಕ್ಕಾ.

ಮಾತ್ರೆಯ ಡಬ್ಬಿ ಕೈಗೆ ಕೊಡುವಾಗ ಆ ಹುಡುಗಿ ಕ್ರಮ ತಿಳಿಸಿದಳು. ಮುಂದಿನ ಸಲ ಬಂದಾಗ ಫೈಲಿನ ಜೊತೆಗೆ ಡಬ್ಬಿಯನ್ನೂ ಕಿಟಕಿಯಲ್ಲಿ ಕೊಟ್ಟು ಕಾಯಬೇಕು. ಹೆಸರು ಕರೆದಾಗ ಒಳಗೆ ಹೋದರೆ ಉಳಿದ ಮಾತ್ರೆ ಎಣಿಸಿ, ಅದೇ ಡಬ್ಬಿಯನ್ನು ವಾಪಸ್ ಕೊಡುತ್ತಾರೆ.

ನನಗೆ ಅಲ್ಲೇ ಇರುಸುಮುರುಸಾಯಿತು. ಕಿಟಕಿಗೂ ಆ ಕೋಣೆಗೂ ನಡುವೆ ಡಬ್ಬಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಡೈರಿಗೆ ಬಂದ ಹೊಸಬರಿಗೆ ನಾನು ಮೊದಲು ಹೇಳಿಕೊಡುತ್ತಿದ್ದುದೇ ಸ್ಯಾಂಪಲ್ ಬಾಟಲಿಯನ್ನು ಕಣ್ಣು ತಪ್ಪಿಸಿ ಇಡಬಾರದು ಎಂದು. ಒಳ್ಳೆಯ ಮಾತ್ರೆ ತೆಗೆದುಕೊಂಡು ಬೇರೆ ಹಾಕಿದರೆ ಹೇಳುವವರು ಯಾರು? ಚಿಕ್ಕ ಡೋಸಿನವರು ಸಾಕಷ್ಟು ಮಂದಿ ಸಿಗದಿದ್ದರೆ ಇರುವವರನ್ನೇ ಮಧ್ಯದಲ್ಲಿ ಚಿಕ್ಕ ಡೋಸಿಗೆ ಬದಲಾಯಿಸಿದರೆ? ಇವಳ ಕಾಲಲ್ಲಿ ಹೆಪ್ಪು ಬರುತ್ತದೋ ಇಲ್ಲವೋ ಎಂದು ಕಾದು ನೋಡುವ ಆಟ ಇದಾಗಿದ್ದರೆ?

ಮನೆಗೆ ಬಂದ ಮೇಲೆ, ಅವಳು ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ, ಸ್ಯಾಂಪಲ್ ಬಾಟಲಿಗಳಿಗೆ ಗುರುತು ಹಾಕುತ್ತಿದ್ದ ಹಳೆಯ ಮಾರ್ಕರ್ ಪೆನ್ನು ಹುಡುಕಿದೆ. ಪೇಪರಿನ ಮೇಲೆ ಮಾತ್ರೆಗಳನ್ನು ಸುರಿದು, ಪ್ರತಿಯೊಂದರ ಅಂಚಿಗೂ ಸಾಸಿವೆಗಿಂತ ಸಣ್ಣ ಚುಕ್ಕಿ ಇಟ್ಟೆ. ಒಣಗಿಸಿ ಡಬ್ಬಿಗೆ ತುಂಬಿ, ಇದ್ದ ಜಾಗದಲ್ಲೇ ಇಟ್ಟೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾಳೆ, ಇಲ್ಲವೇ ಆ ಹುಡುಗಿಗೆ ಹೇಳಿಬಿಡುತ್ತಾಳೆ.

ಮಾತ್ರೆಯನ್ನು ಅವಳೇ ತೆಗೆದುಕೊಳ್ಳುತ್ತಿದ್ದಳು. ನುಂಗಿದಳೇ ಎಂದು ಮಾತ್ರ ನಾನು ನೋಡುತ್ತಿದ್ದೆ. ಬರಬರುತ್ತ ವಸಡಿನ ರಕ್ತ ಕಡಿಮೆಯಾಯಿತು. ಅವಳಿಗೆ ಸಮಾಧಾನ. ನನಗೆ ಅದೇ ಅನುಮಾನಕ್ಕೆ ಕಾರಣ. ರಕ್ತ ನಿಂತಿದೆ ಅಂದರೆ ಮಾತ್ರೆಯಲ್ಲಿ ಬಲವಿಲ್ಲ. ಬಲವಿಲ್ಲ ಅಂದರೆ ಚಿಕ್ಕ ಡೋಸು. ದಿನಾ ಬೆಳಿಗ್ಗೆ ಅವಳ ಎರಡು ಪಾದಗಳನ್ನೂ ಜೋಡಿಸಿ ನೋಡುವುದು ನನ್ನ ರೂಢಿಯಾಯಿತು.

ಹೀಗಿರುವಾಗ ಒಂದು ದಿನ ನಂಗಲಿಯವರು ನಮ್ಮ ಮನೆಗೆ ಬಂದರು. ಮುಳಬಾಗಿಲಲ್ಲಿ ಬಸ್ಸು ಬದಲಾಯಿಸಿ, ಕೈಚೀಲದಲ್ಲಿ ಇವಳಿಗೆಂದು ಖರ್ಜೂರ ಹಿಡಿದುಕೊಂಡು ಬಂದಿದ್ದರು.

"ರಾ ಅಮ್ಮಾ, ಕೂರ್ಚೋ" ಎಂದು ಇವಳು ತೆಲುಗಿನಲ್ಲೇ ಕರೆದು ಮಂಚದ ಮೇಲೆ ಕೂರಿಸಿದಳು. ಕೂತವರು ಬಲಗಾಲನ್ನು ಮಡಚದೆ ನೀಡಿಕೊಂಡರು. ಪಾದ ಚಪ್ಪಲಿಯ ಪಟ್ಟಿಗಿಂತ ಉಬ್ಬಿತ್ತು.

"ಕಾಲು ಊದಿದೆಯಲ್ಲಮ್ಮ. ಆಸ್ಪತ್ರೆಗೆ ಹೇಳಿದ್ರಾ?" ಎಂದೆ.

"ಮುಳಬಾಗ್ಲಿಂದ ನಿಂತ್ಕೊಂಡೇ ಬಂದೆ ಅಣ್ಣಾ. ಅದಕ್ಕೇ ಹಂಗಾಗಿದೆ."

"ಅದನ್ನ ಅವರು ಹೇಳ್ಬೇಕು. ಫೋನ್ ಮಾಡಿ."

"ಮಾಡ್ತೀನಿ, ಮಾಡ್ತೀನಿ. ನಮ್ಮಣ್ಣ ಎಲ್ಲರಿಗೂ ಡಿಗ್ರಿ ನೋಡ್ತಾರಾ ಅಕ್ಕಾ?"

"ನನಗೆ ದಿನಾ ನೋಡ್ತಾರೆ" ಎಂದಳು ಇವಳು. ಇಬ್ಬರೂ ನಕ್ಕರು.

ಅಂದು ಡೈರಿಯಲ್ಲಿ ಸದಸ್ಯರ ಸಭೆ ಇತ್ತು. ಹಳೆಯ ಕಾರ್ಯದರ್ಶಿ ಎಂದು ನನ್ನನ್ನೂ ಕರೆದಿದ್ದರು, ಹೋದೆ. ವಾಪಸು ಬಂದಾಗ ನಂಗಲಿಯವರು ಊಟ ಮಾಡಿ ಹೊರಟುಹೋಗಿದ್ದರು. ಮಂಚದ ಮೇಲೆ ಮೊರ ಇತ್ತು. ಮೊರ ಅಡುಗೆಮನೆಯ ಗೂಟದಲ್ಲಿ ಇರಬೇಕಾದದ್ದು.

"ಇದ್ಯಾಕೆ ಇಲ್ಲಿ?"

"ಹುರುಳಿಕಾಳು ಆರಿಸ್ತಿದ್ವಿ."

ಸುತ್ತ ನೋಡಿದೆ. ಹುರುಳಿಕಾಳು ಎಲ್ಲೂ ಕಾಣಲಿಲ್ಲ. ಆದರೆ ಮನೆಯೊಳಗಿನ ಮೊರದ ಮೇಲೆ ಅನುಮಾನಪಡುವಷ್ಟು ಪುರುಸೊತ್ತು ನನಗಿರಲಿಲ್ಲ. ನನ್ನ ಅನುಮಾನವೆಲ್ಲ ಆಸ್ಪತ್ರೆಯ ಕಿಟಕಿಯ ಮೇಲಿತ್ತು.

ಮುಂದಿನ ಭೇಟಿಯ ದಿನ ಇಬ್ಬರೂ ಹೆಂಗಸರು ಒಟ್ಟಿಗೇ ಡಬ್ಬಿಗಳನ್ನು ಕಿಟಕಿಯಲ್ಲಿ ಕೊಟ್ಟು, ಒಟ್ಟಿಗೇ ಬೆಂಚಿನ ಮೇಲೆ ಕೂತರು. ನಾನು ಕೂರಲಿಲ್ಲ. ಹೆಸರು ಕರೆದಾಗ ಮೂವರೂ ಒಳಗೆ ಹೋದೆವು.

"ನಮ್ಮೆದುರಿಗೇ ಎಣಿಸಮ್ಮ" ಎಂದೆ.

"ಯಾವಾಗ್ಲೂ ಎದುರಿಗೇ ಎಣಿಸೋದು ಅಂಕಲ್."

ಹುಡುಗಿ ಇವಳ ಡಬ್ಬಿಯನ್ನು ತಟ್ಟೆಗೆ ಬಗ್ಗಿಸಿದಳು. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಕೆಲವು ಮಾತ್ರೆಗಳ ಅಂಚಿನಲ್ಲಿ ನನ್ನ ಚುಕ್ಕಿ ಇತ್ತು. ಹೆಚ್ಚುಕಡಿಮೆ ಅಷ್ಟೇ ಮಾತ್ರೆಗಳ ಮೇಲೆ ಚುಕ್ಕಿ ಇರಲಿಲ್ಲ. ತಿರುಗಿಸಿ ನೋಡಿದೆ. ಹಿಂದೆಯೂ ಇಲ್ಲ.

ದನಿ ಏರಿಸಲಿಲ್ಲ. ಕೌಂಟರಿನಲ್ಲಿ ನಾನು ಯಾವತ್ತೂ ದನಿ ಏರಿಸಿದವನಲ್ಲ.

"ಅರ್ಧಕ್ಕರ್ಧ ಮಾತ್ರೆ ಬದಲಾಗಿದೆ. ಕಿಟಕಿಯಿಂದ ಇಲ್ಲಿಗೆ ತಂದವರು ಯಾರು, ಅವರನ್ನ ಕರೀರಿ."

"ನಾನೇ ತಂದೆ ಅಂಕಲ್. ಬದಲಾಗೋದು ಹೇಗೆ?"

"ನಮ್ಮ ಮಾತ್ರೆ ಎಲ್ಲದಕ್ಕೂ ಚುಕ್ಕಿ ಇತ್ತು. ಇವಕ್ಕಿಲ್ಲ."

ಅವಳು ಒಂದು ಮಾತ್ರೆಯನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. "ಈ ಚುಕ್ಕಿ ಎಲ್ಲಿಂದ ಬಂತು? ನಮ್ಮ ಮಾತ್ರೆಗಳಿಗೆ ಚುಕ್ಕಿ ಇರಲ್ಲ."

"ನಾನಿಟ್ಟಿದ್ದು. ಡಬ್ಬಿ ಮನೆಗೆ ಬಂದ ದಿನವೇ. ಒಂದನ್ನೂ ಬಿಟ್ಟಿಲ್ಲ."

ನನ್ನ ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಅದು ನೀವಿಟ್ಟಿದ್ದಾ?" ಎಂದಳು. ಅವಳ ಹಿಂದೆ ನಿಂತಿದ್ದ ನಂಗಲಿಯವರು "ಯಾ ಅಲ್ಲಾ" ಎಂದರು.

ಹುಡುಗಿ ಎರಡನೆಯ ಡಬ್ಬಿಯನ್ನು ಇನ್ನೊಂದು ತಟ್ಟೆಗೆ ಬಗ್ಗಿಸಿದಳು. ಅದು ನಂಗಲಿಯವರದು. ಅದರಲ್ಲಿ ನನ್ನ ಚುಕ್ಕಿಗಳಿದ್ದವು.

ಡಾಕ್ಟರು ಬಂದರು. ಬಾಗಿಲು ಹಾಕಿದರು. ನಡೆದದ್ದನ್ನು ನನ್ನ ಹೆಂಡತಿಯೇ ಹೇಳಿದಳು. ಅವತ್ತು ಮನೆಗೆ ಬಂದಾಗ ಗೆಳತಿಯ ಕಾಲು ನೋಡಿ ಇವಳಿಗೆ ಭಯವಾಗಿತ್ತು. ಸಂಜೆಯ ಮಾತ್ರೆಗೆಂದು ಅವರ ಡಬ್ಬಿಯೂ ಕೈಚೀಲದಲ್ಲೇ ಇತ್ತು. ಇಬ್ಬರೂ ತಮ್ಮ ತಮ್ಮ ಡಬ್ಬಿ ತೆಗೆದು ಮಾತ್ರೆಗಳನ್ನು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದರು. ಇವಳದಕ್ಕೆ ಚುಕ್ಕಿ, ಅವರದಕ್ಕೆ ಇಲ್ಲ. ಇವಳ ಕಾಲು ಚೆನ್ನಾಗಿದೆ, ಅವರದು ಊದಿದೆ. ಚುಕ್ಕಿ ಇರುವುದು ದೊಡ್ಡ ಡೋಸು, ಇಲ್ಲದ್ದು ಚಿಕ್ಕದು ಎಂದು ಇಬ್ಬರೂ ತೀರ್ಮಾನಿಸಿದರು.

"ಕಂಪನಿಯವರೇ ಗುರುತಿಟ್ಟಿದಾರೆ ಅನ್ಕೊಂಡ್ವಿ" ಎಂದಳು. "ಇವಳಿಗೆ ತೆಳು, ನನಗೆ ಗಟ್ಟಿ. ಎರಡನ್ನೂ ಮೊರದಲ್ಲಿ ಸುರಿದು, ಕೈಯಾಡಿಸಿ, ಅರ್ಧ ಅರ್ಧ ಮಾಡ್ಕೊಂಡ್ವಿ. ಇಬ್ಬರಿಗೂ ಪಾಸಾಗ್ಲಿ ಅಂತ."

ಡಾಕ್ಟರಿಗೆ ಆ ಕೊನೆಯ ಮಾತು ಅರ್ಥವಾಗಲಿಲ್ಲ. ನನಗೆ ಆಯಿತು.

"ಕಾಲು ಊದಿದ್ದನ್ನ ನಮಗ್ಯಾಕೆ ಹೇಳಲಿಲ್ಲ?" ಎಂದು ಅವರು ನಂಗಲಿಯವರನ್ನು ಕೇಳಿದರು.

"ಹೇಳಿದ್ರೆ ನನ್ನ ಹೆಸರು ತೆಗೀತೀರ ಅಂತ ಸಾರ್. ಆಮೇಲೆ ನಮ್ಮನ್ನ ಯಾರು ಹೀಗೆ ಕರೆದು ಕರೆದು ನೋಡ್ತಾರೆ?"

ಡಾಕ್ಟರು ಬಗ್ಗಿ ಅವರ ಊದಿದ ಕಾಲನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ನೋಡಿ, "ಇನ್ಮೇಲೆ ಮಾತ್ರೆ ಮೇಲೆ ಏನೂ ಬರೀಬೇಡಿ ಯಜಮಾನ್ರೇ. ಆ ಇಂಕು ಹೊಟ್ಟೆಗೆ ಹೋಗುತ್ತೆ" ಎಂದರು. ಇಬ್ಬರ ಕಾಲುಗಳಿಗೂ ಈಗಲೇ ಸ್ಕ್ಯಾನ್ ಆಗಬೇಕು ಎಂದು ಚೀಟಿ ಬರೆದರು.

ಸ್ಕ್ಯಾನ್ ಕೋಣೆಯ ಹೊರಗೆ ಕಾಯುವಾಗ ನಾನು ಆ ಹುಡುಗಿಯ ಕಡೆ ನೋಡಲಿಲ್ಲ. ಅವಳೇ ಬಂದು ಪಕ್ಕದಲ್ಲಿ ನಿಂತಳು.

"ಡಬ್ಬಿ ಕಿಟಕಿಯಿಂದ ನನ್ನ ಟೇಬಲ್‌ಗೆ ಬರೋವಷ್ಟರಲ್ಲಿ ನಾನೇನು ಮಾಡ್ತೀನಿ ಅನ್ಕೊಂಡ್ರಿ ಅಂಕಲ್?"

"ಏನೂ ಮಾಡಲ್ಲ ಅಂತ ನನಗೆ ಗೊತ್ತಿರಲಿಲ್ಲ. ಕಾಣ್ತಿರಲಿಲ್ಲವಲ್ಲಮ್ಮ" ಎಂದೆ. ಅದು ನಿಜವೂ ಆಗಿತ್ತು. ಅವಳು ತಲೆಯಾಡಿಸಿ ಹೋದಳು.

ಮೊದಲು ಇವಳನ್ನು ಕರೆದರು. ಬಾಗಿಲ ಸಂದಿಯಿಂದ ಪರದೆಯ ಬೆಳಕು ಮಾತ್ರ ಕಾಣುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ಹೇಳದಿರುವುದಕ್ಕೆ ಕೆಟ್ಟ ಕಾರಣಗಳನ್ನೇ ಹುಡುಕುತ್ತ ನಿಂತಿದ್ದೆ. ಹೊರಗೆ ಬಂದವಳು ಸೆರಗಿನಲ್ಲಿ ಕಾಲಿನ ಜೆಲ್ ಒರೆಸಿಕೊಳ್ಳುತ್ತ, "ಹೊಸದೇನೂ ಇಲ್ವಂತೆ" ಎಂದಳು. ನಾನು ಬೆಂಚಿನ ಮೇಲೆ ಕೂತೆ. ಅಂದು ಬೆಳಿಗ್ಗೆಯಿಂದ ಕೂತದ್ದು ಅದೇ ಮೊದಲು.

ನಂಗಲಿಯವರ ಕಾಲಿನಲ್ಲೂ ಹೊಸ ಹೆಪ್ಪು ಇರಲಿಲ್ಲ. ಹಳೆಯ ಹೆಪ್ಪು ರಕ್ತನಾಳವನ್ನು ಕೆಡಿಸಿಟ್ಟು ಹೋಗಿತ್ತು, ಊತ ಅದರದು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕಾಲು ಇಳಿಬಿಟ್ಟು ಕೂತರೆ ಹೆಚ್ಚಾಗುತ್ತದಂತೆ, ಬಿಗಿ ಕಾಲುಚೀಲ ಹಾಕಬೇಕಂತೆ. ಅಂದರೆ ಇಬ್ಬರೂ ಮೊರದಲ್ಲಿ ಕೈಯಾಡಿಸಿದ್ದಕ್ಕೆ ಆಧಾರವಾದ ಊತವೂ ಮಾತ್ರೆಯದಲ್ಲ, ಚುಕ್ಕಿಯೂ ಮಾತ್ರೆಯದಲ್ಲ.

ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಆದ ತಪ್ಪನ್ನು ಇದ್ದ ಹಾಗೇ ಮೇಲಿನವರಿಗೆ ತಿಳಿಸುತ್ತಾರೆ. ಹೆಸರು ತೆಗೆಯುವುದಿಲ್ಲ. ತಪ್ಪು ಮಾಡಿದವರನ್ನೆಲ್ಲ ತೆಗೆದು, ಹೇಳಿದಂತೆ ಕೇಳಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಸಂಶೋಧನೆ ಸುಳ್ಳು ಹೇಳುತ್ತದೆ, ಏಕೆಂದರೆ ಹೊರಗೆ ಮಾತ್ರೆ ನುಂಗುವವರೂ ಇಂಥವರೇ. ಬೇಕಿದ್ದರೆ ಹೊಸ ಡಬ್ಬಿ ತೆಗೆದುಕೊಂಡು ಮುಂದುವರಿಯಬಹುದು. ಬೇಡವಾದರೆ ಬಿಟ್ಟು ಮೊದಲಿನ ಮಾತ್ರೆಯನ್ನೇ ನುಂಗಬಹುದು. ಬಿಟ್ಟರೂ ಕರೆದು ನೋಡುವುದನ್ನು ನಿಲ್ಲಿಸುವುದಿಲ್ಲ.

"ಬಿಟ್ಟುಬಿಡೋಣ" ಎಂದೆ. "ಯಾವುದು ಅಂತ ಗೊತ್ತಿರೋದನ್ನೇ ನುಂಗು."

"ಗೊತ್ತಿದ್ದಿದ್ದು ನುಂಗಿ ಬಾಯೆಲ್ಲ ರಕ್ತ ಆಗಿತ್ತಲ್ಲ" ಎಂದಳು. "ಇದರಲ್ಲಿ ರಕ್ತಾನೂ ಇಲ್ಲ, ಹೆಪ್ಪೂ ಇಲ್ಲ. ಬೆರಸಿದ್ದಕ್ಕೋ ಬೆರಸೋ ಮುಂಚೇನೇ ಹಿಂಗಿತ್ತೋ, ಈಗ ಯಾರೂ ಹೇಳಕ್ಕಾಗಲ್ಲ. ಹಾಳು ಮಾಡಿದ್ದು ನಾವು. ಇನ್ನೊಂದ್ಸಲ ಸರಿಯಾಗಿ ನುಂಗ್ತೀನಿ. ನಾಳೆ ಇನ್ನೊಬ್ಬಳು ಬಂದು ಕಮ್ಮಿ ಸಾಕಾ ಅಂತ ಕೇಳಿದ್ರೆ ಇವರು ಏನಾದ್ರೂ ಹೇಳೋ ಹಂಗಿರ್ಬೇಕಲ್ಲ."

ನಂಗಲಿಯವರು ನನ್ನ ಮುಖ ನೋಡಿ, "ನಾನೂ ಇರ್ತೀನಿ ಅಣ್ಣಾ. ಚುಕ್ಕಿ ಮಾತ್ರ ಬೇಡ" ಎಂದರು.

ಹೊಸ ಡಬ್ಬಿಗಳು ಬಂದವು. ಇವಳದನ್ನು ಇವಳೇ ಚೀಲದಲ್ಲಿಟ್ಟುಕೊಂಡಳು. ನಾನು ಮುಟ್ಟಲಿಲ್ಲ. ಕಿಟಕಿಯ ಮೇಲಿನ ಅನುಮಾನ ಹೋಯಿತೇ ಎಂದರೆ, ಇಲ್ಲ. ಡಬ್ಬಿ ಕೊಟ್ಟು ಕಾಯುವಾಗ ಈಗಲೂ ನಾನು ಕೂರುವುದಿಲ್ಲ, ಒಳಗಿನ ಟೇಬಲ್ ಕಾಣುವ ಕಡೆ ನಿಲ್ಲುತ್ತೇನೆ. ಆ ಹುಡುಗಿಗೂ ಅದು ಗೊತ್ತು. ನನ್ನನ್ನು ಕಂಡರೆ ಡಬ್ಬಿಯನ್ನು ಎತ್ತಿ ತೋರಿಸಿ ಒಳಗೆ ಒಯ್ಯುತ್ತಾಳೆ.

ನಂಗಲಿಯವರು ಈಗಲೂ ಮನೆಗೆ ಬರುತ್ತಾರೆ, ಬಿಗಿ ಕಾಲುಚೀಲ ಹಾಕಿಕೊಂಡು. ಅವರು ಬರುವ ದಿನ ನಾನು ಸಭೆಗೆ ಹೋಗುವುದಿಲ್ಲ. ಹೋದ ಸಲ ಬಂದವರು ಅಡುಗೆಮನೆಯ ಖಾಲಿ ಗೂಟ ನೋಡಿ, "ಮೊರ ಎಲ್ಲಿ ಅಕ್ಕಾ?" ಎಂದರು.

"ಅಟ್ಟದ ಮೇಲೆ ಹಾಕಿದಾರೆ. ನೀನು ಹೋದ್ಮೇಲೆ ಇಳಿಸ್ತಾರೆ" ಎಂದಳು ಇವಳು.

ಇಬ್ಬರೂ ನಗುತ್ತ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದುಕೊಂಡು ಊಟಕ್ಕೆ ಕೂತರು. ಅದಕ್ಕೆ ನನ್ನ ತಕರಾರಿಲ್ಲ. ಡಬ್ಬಿಗಳು ಎರಡು ಬೇರೆ ಬೇರೆ ಚೀಲಗಳಲ್ಲಿದ್ದವು. ಚೀಲಗಳು ಎರಡೂ ನನಗೆ ಕಾಣುವಂತಿದ್ದವು.

ಬೆಳಿಗ್ಗೆ ನಮ್ಮ ಹಸುವಿನ ಹಾಲನ್ನು ಡೈರಿಗೆ ಹಾಕಿ ಬಂದ ಮೇಲೆ ಇವಳ ಎಡಗಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಡುತ್ತೇನೆ. ಡಾಕ್ಟರೇ ಹೇಳಿಕೊಟ್ಟದ್ದು. ನೀರು ತುಂಬಿದ್ದರೆ ಗುಳಿ ಹಾಗೇ ಉಳಿಯುತ್ತದೆ, ಇಲ್ಲದಿದ್ದರೆ ಚರ್ಮ ಕೂಡಲೇ ಮೇಲೇಳುತ್ತದೆ. ಅವಳಿಗೆ ಸಿಕ್ಕಿರುವುದು ದೊಡ್ಡದೋ ಚಿಕ್ಕದೋ ಇನ್ನೂ ಯಾರಿಗೂ ಗೊತ್ತಿಲ್ಲ. ಎಲ್ಲರದೂ ಮುಗಿದ ಮೇಲೆ ನಂಬರು ಒಡೆಯುತ್ತಾರಂತೆ. ಅಲ್ಲಿಯವರೆಗೆ ನನ್ನ ಹತ್ತಿರ ಇರುವುದು ಈ ಹೆಬ್ಬೆರಳು.

"ಎಷ್ಟು ಬಂತು ಡಿಗ್ರಿ?" ಎಂದು ಕೇಳುತ್ತಾಳೆ.

"ಇವತ್ತಿಗೆ ಪಾಸು" ಎನ್ನುತ್ತೇನೆ. ಆಮೇಲೆ, ಅವಳು ಕಾಲು ಎಳೆದುಕೊಳ್ಳುವ ಮೊದಲು, ಬಲಗಾಲನ್ನೂ ಒಮ್ಮೆ ಒತ್ತಿ ನೋಡುತ್ತೇನೆ.